ಮನೆಯ ಬೆಕ್ಕಿನ ಮರಳು ತಟ್ಟೆಯ ಸ್ವಚ್ಛತೆ ಮತ್ತು ಕೀಟ ನಿಯಂತ್ರಣ: ಸಾರ್ವಜನಿಕರಿಗೆ ಮಾಹಿತಿ

(ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲ್ಲೂಕುಗಳ ನಾಗರಿಕರ ಉಪಯೋಗಕ್ಕಾಗಿ)

1. ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಮನೆಗಳಲ್ಲಿ ಬೆಕ್ಕು ಸಾಕುವ ವಾಡಿಕೆ ಹೊಸದಲ್ಲ. ಜೋಳ, ಕಡಲೆ, ಶೇಂಗಾ ಚೀಲಗಳನ್ನು ಮನೆಯೊಳಗೆ ಇಟ್ಟುಕೊಳ್ಳುವ ರೈತರಿಗೂ, ನೂಲು ಹಾಗೂ ನೇಯ್ದ ಸೀರೆ ಮನೆಯಲ್ಲಿರುವ ನೇಕಾರರಿಗೂ ಇಲಿಯ ಕಾಟ ತಡೆಯಲು ಬೆಕ್ಕು ನೆರವಾಗುತ್ತದೆ. ಹಿತ್ತಲು, ಹೊಲ, ಬಯಲು ಹತ್ತಿರವಿದ್ದ ಮನೆಗಳಲ್ಲಿ ಬೆಕ್ಕು ಹೊರಗೆ ಹೋಗಿ ಮಣ್ಣು ಕೆದರಿ ಮಲವಿಸರ್ಜನೆ ಮಾಡಿ ಮುಚ್ಚಿ ಬರುತ್ತಿತ್ತು. ಆದ್ದರಿಂದ ಅದರ ಶೌಚದ ಬಗ್ಗೆ ಮನೆಯವರು ಪ್ರತ್ಯೇಕ ವ್ಯವಸ್ಥೆ ಮಾಡುವ ಅಗತ್ಯ ಬೀಳುತ್ತಿರಲಿಲ್ಲ.

ಈಗ ಪರಿಸ್ಥಿತಿ ಬದಲಾಗಿದೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ಕುಟುಂಬಗಳಿಗಾಗಿ ನಿರ್ಮಿಸಿದ ಬಾಗಲಕೋಟೆಯ ನವನಗರದಲ್ಲಾಗಲಿ, ಇತರ ಪಟ್ಟಣಗಳ ಹೊಸ ಬಡಾವಣೆಗಳಲ್ಲಾಗಲಿ ಅಂಗಳಕ್ಕೆ ಸಿಮೆಂಟು ಅಥವಾ ಹಾಸುಗಲ್ಲು ಹಾಕಿರುವ ಮನೆಗಳೂ, ಮಹಡಿಯ ಮೇಲಿನ ಬಾಡಿಗೆ ಮನೆಗಳೂ ಅನೇಕ. ಇಂತಹ ಮನೆಗಳಲ್ಲಿ ಬೆಕ್ಕಿಗೆ ಮಣ್ಣು ಸಿಗುವುದಿಲ್ಲ. ಅದು ಪಕ್ಕದ ಮನೆಯ ಹೂಕುಂಡ, ಕಟ್ಟಡಕ್ಕೆಂದು ರಾಶಿ ಹಾಕಿದ ಮರಳು, ಮಾಳಿಗೆಯ ಮೂಲೆ ಮುಂತಾದ ಸ್ಥಳಗಳನ್ನು ಆರಿಸಿಕೊಳ್ಳುತ್ತದೆ. ಇದರಿಂದ ದುರ್ವಾಸನೆ, ನೊಣಗಳ ಹಾವಳಿ ಮತ್ತು ನೆರೆಹೊರೆಯವರೊಡನೆ ಮನಸ್ತಾಪ ಉಂಟಾಗಿ, ಕೊನೆಗೆ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಊರ ಹೊರಗೆ ಬಿಟ್ಟು ಬರುವ ನಿರ್ಧಾರಕ್ಕೆ ಕೆಲವರು ಬರುತ್ತಾರೆ. ಮನೆಯಲ್ಲಿ ಗರ್ಭಿಣಿ ಇದ್ದಾಗಲೂ ಇದೇ ಸಲಹೆ ಕೇಳಿಬರುತ್ತದೆ.

ಈ ಎರಡೂ ಸಂದರ್ಭಗಳಲ್ಲಿ ಬೆಕ್ಕನ್ನು ಹೊರಹಾಕುವ ಅಗತ್ಯವಿಲ್ಲ. ಮನೆಯೊಳಗೆ ಒಂದು ಮರಳು ತಟ್ಟೆ ಇಟ್ಟು, ಅದರಲ್ಲಿನ ಮಲವನ್ನು ಪ್ರತಿದಿನ ತಪ್ಪದೆ ತೆಗೆದು, ತಟ್ಟೆಯನ್ನು ಒಣಗಿದ ಸ್ಥಿತಿಯಲ್ಲಿ ಇಟ್ಟುಕೊಂಡರೆ ವಾಸನೆ, ಕೀಟ ಮತ್ತು ರೋಗ ಈ ಮೂರೂ ಹತೋಟಿಗೆ ಬರುತ್ತವೆ. ಈ ಬಗ್ಗೆ ಅನುಸರಿಸಬೇಕಾದ ಕ್ರಮಗಳನ್ನು ಕೆಳಗೆ ವಿವರಿಸಲಾಗಿದೆ.

2. ಮರಳು ತಟ್ಟೆ ಎಂದರೇನು?

ಬೆಕ್ಕು ಮಲಮೂತ್ರ ವಿಸರ್ಜನೆ ಮಾಡಲು ಅನುಕೂಲವಾಗುವಂತೆ ಮರಳು, ಹೊಟ್ಟು ಅಥವಾ ಜೇಡಿಮಣ್ಣಿನ ಹರಳುಗಳನ್ನು ತುಂಬಿ ಮನೆಯೊಳಗೆ ಇಡುವ ಅಗಲ ಬಾಯಿಯ ತಟ್ಟೆಗೆ ಇಲ್ಲಿ ಮರಳು ತಟ್ಟೆ ಎಂದು ಕರೆಯಲಾಗಿದೆ. ಅಂಗಡಿಗಳಲ್ಲಿ ಇದು ಲಿಟರ್ ಟ್ರೇ ಅಥವಾ ಲಿಟರ್ ಬಾಕ್ಸ್ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಇದಕ್ಕೆ ತುಂಬುವ ಜೇಡಿಮಣ್ಣಿನ ಹರಳುಗಳನ್ನು 1947 ರಲ್ಲಿ ಅಮೆರಿಕದ ಎಡ್ವರ್ಡ್ ಲೋವ್ ಎಂಬುವರು ಮಾರಾಟಕ್ಕೆ ತಂದರು. ಅದಕ್ಕೂ ಮುನ್ನ ಅಲ್ಲಿಯೂ ಮರಳು, ಬೂದಿಗಳೇ ಬಳಕೆಯಲ್ಲಿದ್ದವು.

ಅಂಗಡಿಯ ತಟ್ಟೆಯೇ ಆಗಬೇಕೆಂಬ ನಿಯಮವಿಲ್ಲ. ಬಿರುಕು ಬಿಡದ ಪ್ಲಾಸ್ಟಿಕ್ ಅಥವಾ ಸ್ಟೀಲ್ ತಟ್ಟೆ ಸಾಕು. ಕಟ್ಟಿಗೆಯ ಪೆಟ್ಟಿಗೆ ಮತ್ತು ರಟ್ಟಿನ ಡಬ್ಬಿ ಮೂತ್ರವನ್ನು ಹೀರಿಕೊಳ್ಳುವುದರಿಂದ ದೀರ್ಘಕಾಲದ ಬಳಕೆಗೆ ಯೋಗ್ಯವಲ್ಲ. ಅಡುಗೆಗೆ ಬಳಸಿದ ಅಥವಾ ಮುಂದೆ ಬಳಸಲಿರುವ ಪಾತ್ರೆಯನ್ನು ಈ ಉದ್ದೇಶಕ್ಕೆ ಉಪಯೋಗಿಸಬಾರದು.

3. ತಟ್ಟೆಯ ಅಳತೆ, ಸಂಖ್ಯೆ ಮತ್ತು ಸ್ಥಳ

(ಅ) ತಟ್ಟೆಯ ಉದ್ದವು ಬೆಕ್ಕಿನ ಉದ್ದದ (ಬಾಲವನ್ನು ಬಿಟ್ಟು) ಸುಮಾರು ಒಂದೂವರೆ ಪಟ್ಟು ಇರುವುದು ಸೂಕ್ತ. ಸಾಮಾನ್ಯ ಬೆಕ್ಕಿಗೆ ಕನಿಷ್ಠ 45 ಸೆಂ.ಮೀ. ಉದ್ದ ಮತ್ತು 35 ಸೆಂ.ಮೀ. ಅಗಲದ ತಟ್ಟೆ ಇರಲಿ. ಇನ್ನೂ ದೊಡ್ಡದು ದೊರೆತರೆ ಉತ್ತಮ.

(ಆ) ತುಂಬುವ ಸಾಮಗ್ರಿ ಸುಮಾರು 5 ಸೆಂ.ಮೀ. ಅಂದರೆ ಎರಡು ಇಂಚು ದಪ್ಪವಿರಬೇಕು.

(ಇ) ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿಗೆ ಇಡುವುದು ಒಳ್ಳೆಯದು. ಅಂದರೆ ಒಂದು ಬೆಕ್ಕಿಗೆ ಎರಡು, ಎರಡು ಬೆಕ್ಕಿಗೆ ಮೂರು. ಸ್ಥಳವಿಲ್ಲದ ಮನೆಯಲ್ಲಿ ಒಂದೇ ತಟ್ಟೆ ಇದ್ದರೆ ದಿನಕ್ಕೆ ಎರಡು ಸಲ ಸ್ವಚ್ಛಗೊಳಿಸತಕ್ಕದ್ದು.

(ಈ) ಗಾಳಿಯಾಡುವ, ನೆರಳಿರುವ, ಜನರ ಓಡಾಟ ಕಡಿಮೆ ಇರುವ ಮೂಲೆಯಲ್ಲಿ ತಟ್ಟೆಯನ್ನು ಇಡಬೇಕು. ಅಡುಗೆ ಮನೆ, ದೇವರ ಕೋಣೆ, ಕುಡಿಯುವ ನೀರಿನ ಹರವಿ, ಧಾನ್ಯದ ಚೀಲಗಳು ಮತ್ತು ಬೆಕ್ಕಿನ ಊಟದ ತಟ್ಟೆ ಇವುಗಳಿಂದ ದೂರವಿರಲಿ. ಊಟದ ಪಕ್ಕದಲ್ಲಿಯೇ ಇಟ್ಟ ಮರಳು ತಟ್ಟೆಯನ್ನು ಬೆಕ್ಕು ಬಳಸಲು ಹಿಂಜರಿಯುತ್ತದೆ.

(ಉ) ಬಚ್ಚಲು ಮನೆಯಲ್ಲಿ ಇಡುವುದಾದರೆ ನೀರು ಸಿಡಿಯದ ಎತ್ತರದ ಜಾಗ ಆರಿಸಬೇಕು. ತೇವಗೊಂಡ ತಟ್ಟೆಯಲ್ಲಿ ಒಂದೇ ದಿನದಲ್ಲಿ ವಾಸನೆ ಹುಟ್ಟುತ್ತದೆ.

(ಊ) ಕುಣಿಮಗ್ಗವಿರುವ ಇಳಕಲ್ ಭಾಗದ ನೇಕಾರರ ಮನೆಗಳಲ್ಲಿ ಮಗ್ಗದ ಕುಣಿಯು ಬೆಕ್ಕಿಗೆ ಕತ್ತಲೆಯ, ಮೆತ್ತನೆಯ ಮೂಲೆಯಾಗಿ ತೋರುತ್ತದೆ. ನೇಯುವವರು ಬರಿಗಾಲನ್ನು ಕುಣಿಯಲ್ಲಿ ಇಳಿಬಿಟ್ಟು ಕೆಲಸ ಮಾಡುವುದರಿಂದ ಅಲ್ಲಿ ಬಿದ್ದ ಮಲದಲ್ಲಿನ ಕೊಕ್ಕೆಹುಳುವಿನ ಮರಿಗಳು ಕಾಲಿನ ಚರ್ಮದ ಮೂಲಕ ಒಳಸೇರಿ ತುರಿಕೆಯ ಗೆರೆಗಳನ್ನು ಉಂಟುಮಾಡಬಹುದು. ಕೆಲಸ ಮುಗಿದ ಬಳಿಕ ಕುಣಿಯ ಮೇಲೆ ಹಲಗೆ ಮುಚ್ಚುವುದು ಮತ್ತು ಮರಳು ತಟ್ಟೆಯನ್ನು ಮಗ್ಗದಿಂದ ದೂರದ ಇನ್ನೊಂದು ಕೋಣೆಯಲ್ಲಿ ಇಡುವುದು ಅವಶ್ಯ.

4. ತಟ್ಟೆಗೆ ಯಾವುದನ್ನು ತುಂಬಬಹುದು?

ನಮ್ಮ ಭಾಗದಲ್ಲಿ ಸುಲಭವಾಗಿ ದೊರೆಯುವ ಸಾಮಗ್ರಿಗಳ ಗುಣದೋಷಗಳು ಈ ಕೆಳಗಿನಂತಿವೆ.

(1) ಮರಳು: ಬೆಕ್ಕಿಗೆ ಪ್ರಿಯವಾದದ್ದು. ಆದರೆ ಮೂತ್ರವನ್ನು ಹೀರಿಕೊಳ್ಳುವುದಿಲ್ಲ. ಮೂತ್ರವು ತಳಕ್ಕೆ ಇಳಿದು ಅಲ್ಲಿಯೇ ಕೊಳೆಯುತ್ತದೆ. ಜರಡಿ ಹಿಡಿದು, ತೊಳೆದು, ಬಿಸಿಲಿನಲ್ಲಿ ಒಣಗಿಸಿ ಬಳಸಬೇಕು. ಪೂರ್ತಿ ಬದಲಾವಣೆ: 3 ದಿನಕ್ಕೊಮ್ಮೆ.

(2) ಕಟ್ಟಿಗೆ ಹೊಟ್ಟು: ಕಟ್ಟಿಗೆ ಅಡ್ಡೆಗಳಲ್ಲಿ ದೊರೆಯುತ್ತದೆ. ಹಗುರ, ಹೀರುವ ಶಕ್ತಿ ಹೆಚ್ಚು. ಬಣ್ಣ, ಪಾಲಿಶ್ ಅಥವಾ ಗೆದ್ದಲು ಔಷಧ ಹಚ್ಚಿದ ಕಟ್ಟಿಗೆಯ ಹೊಟ್ಟು ಮತ್ತು ಪ್ಲೈವುಡ್ ಹೊಟ್ಟು ಬೇಡ. ತೀರ ನುಣುಪಾದ ಪುಡಿಯನ್ನು ಜರಡಿ ಹಿಡಿದು ತೆಗೆಯಬೇಕು. ಪೂರ್ತಿ ಬದಲಾವಣೆ: 5 ದಿನಕ್ಕೊಮ್ಮೆ.

(3) ಶೇಂಗಾ ಸಿಪ್ಪೆ: ಒಡೆದು ಚೂರು ಮಾಡಿ ಬಳಸಬಹುದು. ಕಾಳಿನ ಚೂರು ಉಳಿದಿದ್ದರೆ ಇರುವೆ ಮತ್ತು ಇಲಿ ಬರುತ್ತವೆ. ಬೂಷ್ಟು ಹಿಡಿದ ಸಿಪ್ಪೆಯನ್ನು ಸರ್ವಥಾ ಬಳಸಬಾರದು. ಪೂರ್ತಿ ಬದಲಾವಣೆ: 5 ದಿನಕ್ಕೊಮ್ಮೆ.

(4) ಬೆಂಟೊನೈಟ್ ಜೇಡಿಮಣ್ಣಿನ ಹರಳು: ಅಂಗಡಿಯಲ್ಲಿ ದೊರೆಯುತ್ತದೆ. ಮೂತ್ರ ತಗುಲಿದ ಕೂಡಲೇ ಉಬ್ಬಿ ಉಂಡೆ ಕಟ್ಟುತ್ತದೆ. ಉಂಡೆಯನ್ನಷ್ಟೇ ಎತ್ತಿ ತೆಗೆದು ಹೊಸ ಹರಳು ಸೇರಿಸಿದರೆ ಸಾಕು. ಪೂರ್ತಿ ಬದಲಾವಣೆ: ತಿಂಗಳಿಗೊಮ್ಮೆ. ತೀರ ಚಿಕ್ಕ ಮರಿಗಳು ಇದನ್ನು ತಿನ್ನುವ ಸಂಭವವಿರುವುದರಿಂದ ಅವುಗಳಿಗೆ ಉಪಯೋಗಿಸಬಾರದು.

(5) ಎರೆಮಣ್ಣು: ಬಾಗಲಕೋಟೆ, ಹುನಗುಂದ ಭಾಗದ ಎರೆ ಭೂಮಿಯ ಮಣ್ಣಿನಲ್ಲಿರುವ ಜೇಡಿಯೂ ಬೆಂಟೊನೈಟ್ ಜೇಡಿಯೂ ನೀರು ಕುಡಿದು ಉಬ್ಬುವ ಒಂದೇ ಜಾತಿಗೆ ಸೇರಿದವು. ಆದರೂ ಹೊಲದ ಮಣ್ಣು ಹರಳಿನ ರೂಪದಲ್ಲಿರುವುದಿಲ್ಲ. ಒದ್ದೆಯಾದರೆ ಬೆಕ್ಕಿನ ಪಾದಕ್ಕೆ ಮೆತ್ತಿಕೊಂಡು ಮನೆಯೆಲ್ಲ ಹರಡುತ್ತದೆ. ಮಣ್ಣಿನೊಡನೆ ಹುಳುಗಳೂ ಒಳಬರಬಹುದು. ಆದುದರಿಂದ ಇದು ಅನಿವಾರ್ಯ ಸಂದರ್ಭಕ್ಕೆ ಮಾತ್ರ.

(6) ಒಲೆಯ ಬೂದಿ: ಒಣಗಿದ್ದಾಗ ವಾಸನೆ ಹೀರುತ್ತದೆ. ಒದ್ದೆಯಾದಾಗ ಕ್ಷಾರವಾಗಿ ಬೆಕ್ಕಿನ ಪಾದವನ್ನು ಕೆರಳಿಸುತ್ತದೆ. ಬೂದಿಯೊಂದನ್ನೇ ತುಂಬಬಾರದು. ಬಿಸಿ ಬೂದಿ, ಕೆಂಡದ ಚೂರು ಅಪಾಯಕಾರಿ.

(7) ಕಲ್ಲಿನ ಪುಡಿ: ಇಳಕಲ್ ಸುತ್ತಲಿನ ಗ್ರಾನೈಟ್ ಕಾರ್ಖಾನೆಗಳ ಮತ್ತು ಬಾದಾಮಿ ಭಾಗದ ಮರಳುಗಲ್ಲಿನ ಕೆಲಸದಲ್ಲಿ ಉಳಿಯುವ ನುಣ್ಣನೆಯ ಕಲ್ಲಿನ ಪುಡಿಯನ್ನು ಬಳಸಬಾರದು. ಅದರಲ್ಲಿನ ಸಿಲಿಕಾ ಧೂಳು ಉಸಿರಿನೊಡನೆ ಒಳಹೋದರೆ ಬೆಕ್ಕಿಗೂ ಮನೆಯವರಿಗೂ ಶ್ವಾಸಕೋಶದ ಹಾನಿಯಾಗುತ್ತದೆ.

ಖರ್ಚಿನ ಲೆಕ್ಕ: 45 × 35 ಸೆಂ.ಮೀ. ತಟ್ಟೆಗೆ 5 ಸೆಂ.ಮೀ. ದಪ್ಪ ತುಂಬಲು ಸುಮಾರು 8 ಲೀಟರ್ ಸಾಮಗ್ರಿ ಬೇಕು. ಮರಳನ್ನು 3 ದಿನಕ್ಕೊಮ್ಮೆಯಂತೆ ತಿಂಗಳಿಗೆ 10 ಸಲ ಬದಲಾಯಿಸಿದರೆ 80 ಲೀಟರ್ ಆಗುತ್ತದೆ. ಒಣ ಮರಳು ಲೀಟರಿಗೆ ಸುಮಾರು ಒಂದೂವರೆ ಕಿ.ಗ್ರಾಂ. ತೂಗುವುದರಿಂದ ತಿಂಗಳಿಗೆ ಸುಮಾರು 120 ಕಿ.ಗ್ರಾಂ. ಮರಳನ್ನು ತಂದು, ಅಷ್ಟನ್ನೇ ಹೊರಹಾಕಬೇಕಾಗುತ್ತದೆ. ಹೊಟ್ಟನ್ನು 5 ದಿನಕ್ಕೊಮ್ಮೆಯಂತೆ 6 ಸಲ ಬದಲಾಯಿಸಿದರೆ 48 ಲೀಟರ್ ಸಾಕು, ತೂಕವೂ ಬಹಳ ಕಡಿಮೆ. ಮರಳು ಪುಕ್ಕಟೆ ದೊರೆಯುತ್ತದೆಂದು ಅದನ್ನೇ ಆರಿಸಿಕೊಂಡು, ಭಾರವೆಂದು ಬದಲಾಯಿಸದೆ ಬಿಡುವುದಕ್ಕಿಂತ ನಿಯಮಿತವಾಗಿ ಬದಲಾಯಿಸಲು ಸಾಧ್ಯವಾಗುವ ಸಾಮಗ್ರಿಯನ್ನು ಆರಿಸಿಕೊಳ್ಳುವುದು ಲಾಭದಾಯಕ.

5. ಸ್ವಚ್ಛತೆಯ ವೇಳಾಪಟ್ಟಿ

ಪ್ರತಿದಿನ:
- ಬೆಳಿಗ್ಗೆ ಮತ್ತು ಸಾಯಂಕಾಲ, ಸಾಧ್ಯವಾಗದಿದ್ದರೆ ದಿನಕ್ಕೆ ಒಂದು ಸಲವಾದರೂ, ಮಲವನ್ನೂ ಒದ್ದೆಯಾದ ಭಾಗವನ್ನೂ ಸಣ್ಣ ಸಲಿಕೆಯಿಂದ ತೆಗೆಯುವುದು.
- ತೆಗೆದಷ್ಟು ಹೊಸ ಸಾಮಗ್ರಿಯನ್ನು ಸೇರಿಸಿ ಸಮ ಮಾಡುವುದು.
- ತಟ್ಟೆಯ ಸುತ್ತ ಚೆಲ್ಲಿದ ಹರಳನ್ನು ಗುಡಿಸುವುದು.
- ಸಾಬೂನಿನಿಂದ ಕೈ ತೊಳೆಯುವುದು.

3 ಅಥವಾ 5 ದಿನಕ್ಕೊಮ್ಮೆ (ಸಾಮಗ್ರಿಗೆ ಅನುಸಾರ):
- ಹಳೆಯ ಸಾಮಗ್ರಿಯನ್ನು ಪೂರ್ತಿ ಖಾಲಿ ಮಾಡಿ, ತಟ್ಟೆಯನ್ನು ಸಾಬೂನು ನೀರಿನಿಂದ ಉಜ್ಜಿ ತೊಳೆಯುವುದು.
- ತಟ್ಟೆ ತಾಳುವಂತಿದ್ದರೆ ಕುದಿಯುವ ನೀರು ಹಾಕಿ ಕೆಲವು ನಿಮಿಷ ಬಿಟ್ಟು ಚೆಲ್ಲುವುದು.
- ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ನಂತರವೇ ಮತ್ತೆ ತುಂಬುವುದು.

ಬೆಂಟೊನೈಟ್ ಹರಳು ಬಳಸುವವರು ತಟ್ಟೆ ತೊಳೆಯುವ ಕೆಲಸವನ್ನು ತಿಂಗಳಿಗೊಮ್ಮೆ, ಪೂರ್ತಿ ಬದಲಾವಣೆಯ ಸಮಯದಲ್ಲಿ ಮಾಡಿದರೆ ಸಾಕು.

ವರ್ಷಕ್ಕೊಮ್ಮೆ:
- ಬೆಕ್ಕಿನ ಉಗುರಿನಿಂದ ಗೀರು ಬಿದ್ದ ಪ್ಲಾಸ್ಟಿಕ್ ತಟ್ಟೆಯನ್ನು ಬದಲಾಯಿಸುವುದು. ಗೀರುಗಳಲ್ಲಿ ಉಳಿದ ಕೊಳೆ ತೊಳೆದರೂ ಹೋಗುವುದಿಲ್ಲ.

ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ವಿಭಜಿಸಿ ಅಮೋನಿಯಾ ಅನಿಲವನ್ನು ಉಂಟುಮಾಡುವುದೇ ವಾಸನೆಗೆ ಮುಖ್ಯ ಕಾರಣ. ತೇವ ಮತ್ತು ಸೆಕೆ ಇದ್ದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ತಲುಪುವುದರಿಂದ ಮಾರ್ಚಿಯಿಂದ ಮೇ ವರೆಗೆ ದಿನಕ್ಕೆ ಎರಡು ಸಲ ಸ್ವಚ್ಛಗೊಳಿಸುವುದನ್ನು ತಪ್ಪಿಸಬಾರದು. ಅಗರಬತ್ತಿ, ಅತ್ತರು, ಸುವಾಸನೆಯ ಪುಡಿ ಇವು ವಾಸನೆಯನ್ನು ಮರೆಮಾಚುತ್ತವೆಯೇ ವಿನಾ ಕಾರಣವನ್ನು ನಿವಾರಿಸುವುದಿಲ್ಲ.

6. ಕೀಟಗಳು ಮತ್ತು ಇಲಿಗಳ ನಿಯಂತ್ರಣ

6.1 ನೊಣ: ಮನೆನೊಣವು ತಾಜಾ ಮಲದ ಮೇಲೆ ಒಂದು ಸಲಕ್ಕೆ ನೂರರಷ್ಟು ಮೊಟ್ಟೆಗಳನ್ನು ಇಡುತ್ತದೆ. ಮೊಟ್ಟೆಯು ಒಂದು ದಿನದೊಳಗೆ ಒಡೆದು ಹುಳುವಾಗುತ್ತದೆ. ಸೆಕೆಯ ದಿನಗಳಲ್ಲಿ 7 ರಿಂದ 10 ದಿನಗಳಲ್ಲಿ ಹೊಸ ನೊಣ ಹಾರುತ್ತದೆ. ಮಲವನ್ನು 24 ಗಂಟೆಯೊಳಗೆ ತೆಗೆದರೆ ಮೊಟ್ಟೆಗಳೂ ಅದರೊಡನೆ ಹೋಗುತ್ತವೆ. ತಪ್ಪಿ ಉಳಿದವು 5 ದಿನಕ್ಕೊಮ್ಮೆಯ ಪೂರ್ತಿ ಬದಲಾವಣೆಯಲ್ಲಿ ಹೋಗುತ್ತವೆ. ಹಾರುವ ನೊಣಕ್ಕೆ ಔಷಧ ಸಿಂಪಡಿಸುವುದಕ್ಕಿಂತ ಇದು ಪರಿಣಾಮಕಾರಿ. ಕಿಟಕಿಗೆ ಜಾಲರಿ ಹಾಕಿಸುವುದು ಹೆಚ್ಚಿನ ರಕ್ಷಣೆ.

6.2 ಜಿರಳೆ: ತೇವ, ಕತ್ತಲೆ ಮತ್ತು ಚೆಲ್ಲಿದ ಆಹಾರಕ್ಕೆ ಬರುತ್ತದೆ. ರಾತ್ರಿ ಬೆಕ್ಕಿನ ಊಟದ ತಟ್ಟೆಯನ್ನು ತೆಗೆದಿಡಬೇಕು. ಗೋಡೆ ಮತ್ತು ನೆಲದ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಬೇಕು. ಬಚ್ಚಲಿನ ತೂಬಿಗೆ ಜಾಲರಿ ಇರಲಿ.

6.3 ಇರುವೆ: ಹೆಚ್ಚಾಗಿ ಬೆಕ್ಕಿನ ಅನ್ನ, ಹಾಲಿಗೆ ಬಂದು ಅಲ್ಲಿಂದ ಮರಳು ತಟ್ಟೆಗೆ ಹಬ್ಬುತ್ತದೆ. ಊಟದ ತಟ್ಟೆಯನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಡಬಹುದು. ಸೊಳ್ಳೆ ಮೊಟ್ಟೆ ಇಡದಂತೆ ಆ ನೀರನ್ನು ಪ್ರತಿದಿನ ಚೆಲ್ಲಿ ಬದಲಾಯಿಸತಕ್ಕದ್ದು.

6.4 ನುಸಿ: ಸಿಪ್ಪೆ, ಹೊಟ್ಟು ಮುಂತಾದವುಗಳ ದಾಸ್ತಾನಿನಲ್ಲಿ ನುಸಿ ಬೀಳುತ್ತದೆ. ಬಿಸಿಲಿಗೆ ಒಣಗಿಸಿ ಮುಚ್ಚಳವಿರುವ ಡಬ್ಬಿಯಲ್ಲಿ, ಮನೆಯ ಧಾನ್ಯದಿಂದ ದೂರ ಇಡಬೇಕು. 15 ದಿನಕ್ಕೆ ಬೇಕಾದಷ್ಟನ್ನೇ ತರುವುದು ಒಳಿತು.

6.5 ಚಿಗಟ: ಬೆಕ್ಕಿನ ಮೈಮೇಲಿದ್ದು, ಮೊಟ್ಟೆಗಳು ಅದು ಮಲಗುವ ಬಟ್ಟೆ, ಮೂಲೆಗಳಲ್ಲಿ ಉದುರುತ್ತವೆ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು. ಔಷಧವನ್ನು ಪಶುವೈದ್ಯರ ಸಲಹೆಯಂತೆ ಮಾತ್ರ ಬಳಸಬೇಕು.

6.6 ಇಲಿ: ಬೆಕ್ಕಿರುವ ಮನೆಗೆ ಇಲಿ ಬರುವುದಿಲ್ಲವೆಂಬ ನಂಬಿಕೆ ಪೂರ್ತಿ ಸರಿಯಲ್ಲ. ರಾತ್ರಿಯಿಡೀ ಬಿಟ್ಟ ಆಹಾರಕ್ಕೆ ಇಲಿ ಬರುತ್ತದೆ. ಬೆಕ್ಕಿರುವ ಮನೆಯಲ್ಲಿ ಇಲಿ ಪಾಷಾಣ ಇಡಬಾರದು. ಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದ ಬೆಕ್ಕಿಗೂ ವಿಷವೇರುತ್ತದೆ. ಇಲಿ ಬೋನು ಉಪಯೋಗಿಸುವುದು ಸೂಕ್ತ.

6.7 ಚೇಳು: ತಟ್ಟೆಯನ್ನು ಹಿತ್ತಲಿನಲ್ಲಿ ಅಥವಾ ಕಲ್ಲಿನ ಪೌಳಿಯ ಬದಿಯಲ್ಲಿ ಇಡುವವರು ಅದನ್ನು ಎತ್ತುವ ಮುನ್ನ ಕೋಲಿನಿಂದ ಸರಿಸಿ ನೋಡಬೇಕು. ಚೇಳುಗಳು ಇಂತಹ ವಸ್ತುಗಳ ಅಡಿಯಲ್ಲಿ ಅಡಗುತ್ತವೆ.

7. ಉಪಯೋಗಿಸಬಾರದ ರಾಸಾಯನಿಕಗಳು

ಸಾರ್ವಜನಿಕರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಲಾಗಿದೆ. ಮನೆಯಲ್ಲಿ ದಿನಬಳಕೆಯಲ್ಲಿರುವ ಹಲವು ವಸ್ತುಗಳು ಬೆಕ್ಕಿನ ಪ್ರಾಣಕ್ಕೆ ಅಪಾಯ ತರುತ್ತವೆ.

(ಅ) ಫಿನಾಯಿಲ್: ಫೀನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಪಾದಕ್ಕೆ ಅಂಟಿದ ಫಿನಾಯಿಲನ್ನು ಬೆಕ್ಕು ನೆಕ್ಕುವುದರಿಂದ ಅದು ಹೊಟ್ಟೆ ಸೇರುತ್ತದೆ. ತಟ್ಟೆಯನ್ನಾಗಲಿ, ಅದರ ಸುತ್ತಲಿನ ನೆಲವನ್ನಾಗಲಿ ಫಿನಾಯಿಲ್‌ನಿಂದ ಒರೆಸಬಾರದು.

(ಆ) ಬ್ಲೀಚಿಂಗ್ ಪುಡಿ: ಮೂತ್ರವಿರುವ ತಟ್ಟೆಗೆ ನೇರವಾಗಿ ಹಾಕಿದರೆ ಅಮೋನಿಯಾದೊಡನೆ ಸೇರಿ ವಿಷಾನಿಲ ಉಂಟಾಗುತ್ತದೆ. ತಟ್ಟೆ ತೊಳೆಯಲು ಸಾಬೂನು ಮತ್ತು ಬಿಸಿನೀರು ಸಾಕು.

(ಇ) ನ್ಯಾಫ್ತಲಿನ್ ಗುಳಿಗೆ: ವಾಸನೆಗೆಂದು ತಟ್ಟೆಯ ಬಳಿ ಇಡಬಾರದು. ಇದು ಬೆಕ್ಕಿನ ರಕ್ತಕಣಗಳಿಗೆ ಹಾನಿ ಮಾಡುತ್ತದೆ.

(ಈ) ಇರುವೆ ಪುಡಿ ಮತ್ತು ಇರುವೆ ಸೀಮೆಸುಣ್ಣ: ಇವುಗಳಲ್ಲಿ ಬಹುತೇಕ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕಗಳಿರುತ್ತವೆ. ನಾಯಿಗಳಿಗೆ ಹಚ್ಚುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ನಡುಕ, ಸೆಳವು ಬಂದು ಸಾವು ಸಂಭವಿಸಬಹುದು.

(ಉ) ಗಮಾಕ್ಸಿನ್: ಹಿಂದೆ ಪ್ರತಿ ಮನೆಯಲ್ಲಿದ್ದ ಈ ಬಿಳಿ ಪುಡಿಯಲ್ಲಿನ ಬಿ.ಎಚ್.ಸಿ. ಮೇಲೆ ನಮ್ಮ ದೇಶದಲ್ಲಿ 1997 ರಲ್ಲಿ ನಿಷೇಧ ಬಂದಿತು. ಅದೇ ಗುಂಪಿನ ಲಿಂಡೇನ್‌ನ ಬಳಕೆ 2013 ರಲ್ಲಿ ನಿಷೇಧಗೊಂಡಿತು. ಹಳೆಯ ಡಬ್ಬಿ ಉಳಿದಿದ್ದಲ್ಲಿ ಬಳಸಬಾರದು.

(ಊ) ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಮುಂತಾದ ಘಾಟು ಎಣ್ಣೆಗಳು ಬೆಕ್ಕಿಗೆ ವಿಷಕಾರಿ. ತಟ್ಟೆಗೆ ಸಿಂಪಡಿಸಬಾರದು.

8. ಆರೋಗ್ಯದ ದೃಷ್ಟಿಯಿಂದ ಮಹತ್ವ

8.1 ಟಾಕ್ಸೊಪ್ಲಾಸ್ಮೋಸಿಸ್: ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಸೂಕ್ಷ್ಮ ಪರಾವಲಂಬಿ ಜೀವಿಯಿಂದ ಬರುವ ರೋಗವಿದು. ಈ ಜೀವಿಯನ್ನು 1908 ರಲ್ಲಿಯೇ ಗುರುತಿಸಲಾಗಿದ್ದರೂ, ಬೆಕ್ಕಿನ ಮಲದ ಮೂಲಕ ಅದು ಹರಡುವ ಬಗೆ ಸ್ಪಷ್ಟವಾದದ್ದು 1970 ರ ಸುಮಾರಿಗೆ. ಸೋಂಕಿತ ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದ ಬೆಕ್ಕು ಮೊದಲ ಸಲ ಸೋಂಕು ತಗುಲಿದಾಗ ಸುಮಾರು ಒಂದರಿಂದ ಮೂರು ವಾರಗಳ ಕಾಲ ಮಲದಲ್ಲಿ ಇದರ ತತ್ತಿಗಳನ್ನು ಹೊರಹಾಕುತ್ತದೆ.

ನಾಗರಿಕರು ನೆನಪಿಡಬೇಕಾದ ಅಂಶವೆಂದರೆ, ಹೊರಬಿದ್ದ ಕೂಡಲೇ ಈ ತತ್ತಿಗಳಿಗೆ ರೋಗ ಹರಡುವ ಶಕ್ತಿ ಇರುವುದಿಲ್ಲ. ಆ ಶಕ್ತಿ ಬರಲು 1 ರಿಂದ 5 ದಿನ ಬೇಕು. ಅಷ್ಟರೊಳಗೆ, ಅಂದರೆ ಪ್ರತಿದಿನ ಮಲವನ್ನು ತೆಗೆದರೆ ಸೋಂಕಿನ ಸಂಭವ ಬಹಳಷ್ಟು ತಗ್ಗುತ್ತದೆ. ಹಲವು ದಿನ ಬಿಟ್ಟ ತತ್ತಿಗಳು ಸಾಮಾನ್ಯ ಕ್ರಿಮಿನಾಶಕಗಳಿಗೆ ಜಗ್ಗುವುದಿಲ್ಲ. ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಕುದಿಯುವ ನೀರು ಅವುಗಳನ್ನು ನಾಶಪಡಿಸುತ್ತದೆ.

8.2 ಗರ್ಭಿಣಿಯರು: ಗರ್ಭಧಾರಣೆಯ ಅವಧಿಯಲ್ಲಿ ಮೊದಲ ಸಲ ಈ ಸೋಂಕು ತಗುಲಿದರೆ ಗರ್ಭದಲ್ಲಿರುವ ಶಿಶುವಿನ ಕಣ್ಣು ಮತ್ತು ಮೆದುಳಿಗೆ ಹಾನಿಯಾಗಬಹುದು, ಗರ್ಭಪಾತವೂ ಆಗಬಹುದು. ಆದುದರಿಂದ:
- ಮರಳು ತಟ್ಟೆಯ ಕೆಲಸವನ್ನು ಮನೆಯ ಬೇರೆ ಸದಸ್ಯರು ಪ್ರತಿದಿನ ಮಾಡತಕ್ಕದ್ದು. ಈ ಕೆಲಸ ಹೆಣ್ಣುಮಕ್ಕಳದೇ ಎಂದು ಬಿಡದೆ ಮನೆಯ ಗಂಡಸರು ವಹಿಸಿಕೊಳ್ಳಬೇಕು.
- ಬೇರೆ ಯಾರೂ ಇಲ್ಲದಿದ್ದರೆ ಕೈಗವಸು ಧರಿಸಿ ದಿನವೂ ತೆಗೆದು, ಸಾಬೂನಿನಿಂದ ಕೈ ತೊಳೆಯಬೇಕು.
- ಬೆಕ್ಕಿಗೆ ಬೇಯಿಸಿದ ಆಹಾರವನ್ನೇ ಕೊಡಬೇಕು. ಹಸಿ ಮಾಂಸ ಬೇಡ.
- ಮಾಂಸವನ್ನು ಚೆನ್ನಾಗಿ ಬೇಯಿಸಿ ತಿನ್ನಬೇಕು. ತರಕಾರಿ, ಸೊಪ್ಪನ್ನು ಚೆನ್ನಾಗಿ ತೊಳೆಯಬೇಕು. ಸರಿಯಾಗಿ ಬೇಯದ ಮಾಂಸ ಮತ್ತು ತೊಳೆಯದ ತರಕಾರಿಯಿಂದಲೂ ಈ ಸೋಂಕು ಬರುತ್ತದೆ. ಬೆಕ್ಕನ್ನು ಓಡಿಸಿದ ಮಾತ್ರಕ್ಕೆ ಆ ಅಪಾಯ ತಪ್ಪುವುದಿಲ್ಲ.
- ಸಂದೇಹವಿದ್ದಲ್ಲಿ ತಪಾಸಣೆಯ ವೇಳೆ ವೈದ್ಯರಿಗೆ ಮನೆಯಲ್ಲಿ ಬೆಕ್ಕಿರುವ ವಿಷಯವನ್ನು ತಿಳಿಸಿ ರಕ್ತ ಪರೀಕ್ಷೆಯ ಬಗ್ಗೆ ಕೇಳಬಹುದು.

8.3 ಕುರಿ, ಮೇಕೆ ಸಾಕಣೆದಾರರು: ಇದೇ ರೋಗವು ಕುರಿ ಮತ್ತು ಮೇಕೆಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುತ್ತದೆ. ಬೆಕ್ಕು ಮೇವಿನ ಬಣವೆ, ಹೊಟ್ಟಿನ ಕೋಣೆ, ದೊಡ್ಡಿಗಳಲ್ಲಿ ಮಲ ಮಾಡದಂತೆ ನೋಡಿಕೊಳ್ಳಬೇಕು. ಮರಳು ತಟ್ಟೆಯ ತ್ಯಾಜ್ಯವನ್ನು ಮೇವಿನ ಬಳಿ ಚೆಲ್ಲಬಾರದು. ಹಿಂಡಿನಲ್ಲಿ ಒಂದಕ್ಕಿಂತ ಹೆಚ್ಚು ಗರ್ಭಪಾತಗಳಾದಲ್ಲಿ ಬಿದ್ದ ಮರಿ, ಮಾಸುಗಳನ್ನು ಬರಿಗೈಯಲ್ಲಿ ಮುಟ್ಟದೆ, ಬೆಕ್ಕು ನಾಯಿಗಳಿಗೆ ಸಿಗದಂತೆ ಇಟ್ಟು ಪಶು ಆಸ್ಪತ್ರೆಗೆ ಕೂಡಲೇ ತಿಳಿಸತಕ್ಕದ್ದು.

8.4 ಮಕ್ಕಳು: ಕಟ್ಟಡದ ಮರಳಿನ ರಾಶಿಯಲ್ಲಿ ಆಡುವ ಮಕ್ಕಳಿಗೆ ಬೆಕ್ಕಿನ ಮಲದಿಂದ ದುಂಡುಹುಳು, ಕೊಕ್ಕೆಹುಳುವಿನ ಸೋಂಕು ತಗುಲಬಹುದು. ಮನೆ ಕಟ್ಟಿಸುವವರು ಮರಳಿನ ರಾಶಿಗೆ ತಾಡಪತ್ರಿ ಹೊದಿಸುವುದು ಅವಶ್ಯ.

9. ತ್ಯಾಜ್ಯ ವಿಲೇವಾರಿ

(ಅ) ಪಟ್ಟಣ ಪ್ರದೇಶ: ತ್ಯಾಜ್ಯವನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಎರಡು ಪದರ ಸುತ್ತಿ, ಹಸಿ ಕಸ ಮತ್ತು ಒಣ ಕಸಗಳೊಡನೆ ಬೆರೆಸದೆ ಪ್ರತ್ಯೇಕವಾಗಿ ಕಸದ ವಾಹನಕ್ಕೆ ನೀಡಬೇಕು. ಒಳಗಿರುವುದು ಏನೆಂದು ಪೌರಕಾರ್ಮಿಕರಿಗೆ ತಿಳಿಸುವುದು ನಾಗರಿಕರ ಕರ್ತವ್ಯ. ಕಸ ವಿಂಗಡಿಸುವಾಗ ಅದನ್ನು ಮುಟ್ಟುವವರು ಅವರೇ. ಪ್ಲಾಸ್ಟಿಕ್ ಕೈಚೀಲಗಳು ರಾಜ್ಯದಲ್ಲಿ 2016 ರಿಂದ ನಿಷೇಧಿತವಾಗಿವೆ. ಸಂಬಂಧಿಸಿದ ನಗರ ಸ್ಥಳೀಯ ಸಂಸ್ಥೆಯು ಬೇರೆ ಸೂಚನೆ ನೀಡಿದ್ದಲ್ಲಿ ಅದನ್ನು ಪಾಲಿಸತಕ್ಕದ್ದು.

(ಆ) ಗ್ರಾಮೀಣ ಪ್ರದೇಶ: ಬಾವಿ, ಕೊಳವೆಬಾವಿ ಮತ್ತು ಕಾಯಿಪಲ್ಲೆ ಮಡಿಗಳಿಂದ ದೂರದಲ್ಲಿ ಕನಿಷ್ಠ ಒಂದು ಅಡಿ ಆಳದ ಕುಣಿ ತೆಗೆದು ಹೂಳಿ ಮಣ್ಣು ಮುಚ್ಚಬೇಕು. ದನದ ಸಗಣಿಯ ತಿಪ್ಪೆಗೆ ಹಾಕಬಾರದು. ಆ ಗೊಬ್ಬರವು ತರಕಾರಿ ಮತ್ತು ಮೇವಿನ ಹೊಲಕ್ಕೆ ಹೋಗುತ್ತದೆ.

(ಇ) ಶೌಚಾಲಯದಲ್ಲಿ ಹಾಕಿ ನೀರು ಬಿಡಬಾರದು. ಬೆಂಟೊನೈಟ್ ಹರಳು ಉಬ್ಬಿ ಕೊಳವೆ ಕಟ್ಟಿಕೊಳ್ಳುತ್ತದೆ.

(ಈ) ಹಳ್ಳ, ಕೆರೆ, ನದಿಗಳಿಗೆ ಚೆಲ್ಲಬಾರದು. ಬಾದಾಮಿಯ ಅಗಸ್ತ್ಯ ತೀರ್ಥವಾಗಲಿ, ಘಟಪ್ರಭಾ, ಮಲಪ್ರಭಾ ದಂಡೆಯಾಗಲಿ ತ್ಯಾಜ್ಯ ಎಸೆಯುವ ಸ್ಥಳಗಳಲ್ಲ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ನಮ್ಮ ಬೆಕ್ಕು ತಟ್ಟೆ ಬಿಟ್ಟು ಹೊರಗೆ ಮಲ ಮಾಡುತ್ತದೆ. ಹೊಡೆದರೂ ಕೇಳುವುದಿಲ್ಲ. ಏನು ಮಾಡಬೇಕು?
ಉ: ಹೊಡೆಯುವುದರಿಂದ ಪ್ರಯೋಜನವಿಲ್ಲ, ಬೆಕ್ಕು ಹೆದರಿ ಇನ್ನೂ ಮರೆಯ ಸ್ಥಳ ಹುಡುಕುತ್ತದೆ. ತಟ್ಟೆ ಕೊಳಕಾಗಿದೆಯೇ, ಚಿಕ್ಕದಾಗಿದೆಯೇ, ಫಿನಾಯಿಲ್ ವಾಸನೆ ಇದೆಯೇ, ಸ್ಥಳ ಬದಲಾಯಿತೇ ಎಂಬುದನ್ನು ಪರಿಶೀಲಿಸಬೇಕು. ಸಾಮಗ್ರಿಯನ್ನು ಬದಲಿಸುವುದಾದರೆ ಒಂದು ವಾರದ ಅವಧಿಯಲ್ಲಿ ಹಳೆಯದರೊಡನೆ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಎಲ್ಲವೂ ಸರಿಯಿದ್ದರೆ ರೋಗದ ಸಂಭವವಿದೆ. ಪಶುವೈದ್ಯರಿಗೆ ತೋರಿಸತಕ್ಕದ್ದು.

ಪ್ರ: ಗಂಡು ಬೆಕ್ಕು ಮೇಲಿಂದ ಮೇಲೆ ತಟ್ಟೆಗೆ ಹೋಗಿ ಕುಳಿತು ಕೂಗುತ್ತದೆ. ಮಲಬದ್ಧತೆ ಇರಬಹುದೇ?
ಉ: ಮೂತ್ರನಾಳ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ಇದು ತುರ್ತು ಪರಿಸ್ಥಿತಿ. ಒಂದೆರಡು ದಿನದಲ್ಲಿ ಪ್ರಾಣಾಪಾಯವಾಗಬಹುದು. ಹರಳೆಣ್ಣೆ ಮುಂತಾದ ಮನೆಮದ್ದು ಮಾಡುತ್ತ ಕಾಯದೆ ಅದೇ ದಿನ ಆಸ್ಪತ್ರೆಗೆ ತರಬೇಕು. ನೋವಿಗೆಂದು ಪ್ಯಾರಾಸಿಟಮಾಲ್ ಮಾತ್ರೆ ಕೊಡಬಾರದು. ಅದು ಬೆಕ್ಕಿಗೆ ಮಾರಕ. ಪ್ರತಿದಿನ ತಟ್ಟೆ ಸ್ವಚ್ಛಗೊಳಿಸುವವರಿಗೆ ಮಾತ್ರ ತಟ್ಟೆ ಒಣಗಿಯೇ ಇದೆ ಎಂಬುದು ಆ ದಿನವೇ ಗೊತ್ತಾಗುತ್ತದೆ.

ಪ್ರ: ಮರಿಗೆ ಯಾವಾಗಿನಿಂದ ರೂಢಿ ಮಾಡಿಸಬಹುದು?
ಉ: ಹುಟ್ಟಿದ 3 ರಿಂದ 4 ವಾರಕ್ಕೆ ಮರಿಗಳು ತಾವಾಗಿಯೇ ಕೆದರಲು ತೊಡಗುತ್ತವೆ. ಅಂಚು ತಗ್ಗಾದ ಚಿಕ್ಕ ತಟ್ಟೆ ಇಟ್ಟು, ಊಟವಾದ ಮೇಲೆ ಮತ್ತು ನಿದ್ದೆಯಿಂದ ಎದ್ದ ಮೇಲೆ ಅದರಲ್ಲಿ ಬಿಡಬೇಕು.

ಪ್ರ: ತಟ್ಟೆ ಸ್ವಚ್ಛಗೊಳಿಸುವಾಗ ಬೆಕ್ಕು ಪರಚಿದರೆ?
ಉ: ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು. ಅರಿಷಿಣ, ಸುಣ್ಣ, ಖಾರದ ಪುಡಿ ಹಚ್ಚಬಾರದು.

ಪ್ರ: ನೆರೆಯವರ ಆಕ್ಷೇಪಣೆಯಿಂದ ಬೆಕ್ಕನ್ನು ದೂರ ಬಿಟ್ಟು ಬರಬಹುದೇ?
ಉ: ಬಿಡಬಾರದು. ಹಸಿವು, ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960 ರ ಪ್ರಕರಣ 11 ರ ಪ್ರಕಾರ ಅಪರಾಧ. ಮರಳು ತಟ್ಟೆಯ ವ್ಯವಸ್ಥೆ ಮಾಡಿ ನೆರೆಯವರಿಗೆ ತಿಳಿಸುವುದು ಹಾಗೂ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಸೂಕ್ತ. ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕು ಗೋಡೆಗಳಿಗೆ ಮೂತ್ರ ಸಿಂಪಡಿಸುವುದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

11. ಪಶು ಆಸ್ಪತ್ರೆಯ ಸೇವೆ ಪಡೆಯುವವರ ಗಮನಕ್ಕೆ

(1) ಬೆಕ್ಕನ್ನು ಗಾಳಿಯಾಡುವ ಬುಟ್ಟಿ ಅಥವಾ ಪಂಜರದಲ್ಲಿ ತರಬೇಕು. ಕೈಯಲ್ಲಿ ಎತ್ತಿಕೊಂಡು ಅಥವಾ ಬಾಯಿ ಕಟ್ಟಿದ ಚೀಲದಲ್ಲಿ ತರಬಾರದು.
(2) ಬೆಕ್ಕಿನ ವಯಸ್ಸು, ಲಿಂಗ, ಹಿಂದೆ ಹಾಕಿಸಿದ ಲಸಿಕೆಯ ಚೀಟಿ ಇವುಗಳನ್ನು ಹಾಜರುಪಡಿಸಬೇಕು. ರೇಬೀಸ್ ಲಸಿಕೆಯನ್ನು 3 ತಿಂಗಳ ವಯಸ್ಸಿಗೆ ಪ್ರಾರಂಭಿಸಬಹುದು.
(3) ಕಳೆದ ಮೂರು ದಿನಗಳಲ್ಲಿ ಬೆಕ್ಕು ಎಷ್ಟು ಸಲ ಮಲ, ಮೂತ್ರ ಮಾಡಿದೆ, ಮಲದಲ್ಲಿ ರಕ್ತ ಅಥವಾ ಹುಳು ಕಂಡಿದೆಯೇ ಎಂಬುದನ್ನು ಚೀಟಿಯಲ್ಲಿ ಬರೆದು ತಂದರೆ ಪರೀಕ್ಷೆಗೆ ಅನುಕೂಲ.
(4) ಹುಳುಗಳ ಪರೀಕ್ಷೆಗೆ ಅದೇ ದಿನದ ಮಲವನ್ನು ಮುಚ್ಚಳವಿರುವ ಚಿಕ್ಕ ಡಬ್ಬಿಯಲ್ಲಿ ತರಬೇಕು. ಮರಳು, ಹೊಟ್ಟು ಆದಷ್ಟು ಕಡಿಮೆ ಇರಲಿ.
(5) ಶುಲ್ಕವಿರುವ ಸೇವೆಗಳಿಗೆ ಸೂಚನಾ ಫಲಕದಲ್ಲಿನ ದರದಂತೆ ಪಾವತಿಸಿ ರಶೀದಿ ಪಡೆಯತಕ್ಕದ್ದು.
(6) ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ ಸಂಖ್ಯೆ 1962. ಈ ವಾಹನಗಳು ಮುಖ್ಯವಾಗಿ ರೈತರ ಜಾನುವಾರುಗಳ ಚಿಕಿತ್ಸೆಗೆ ಮೀಸಲಾಗಿರುವುದರಿಂದ ಬೆಕ್ಕನ್ನು ಸಮೀಪದ ಪಶು ಆಸ್ಪತ್ರೆಗೆ ತರುವುದು ಸೂಕ್ತ.

12. ಸಾರಾಂಶ

ಮಲವನ್ನು 24 ಗಂಟೆಯೊಳಗೆ ತೆಗೆಯುವುದು. ತಟ್ಟೆಯನ್ನು ಒಣಗಿಸಿ ಇಡುವುದು. ಫಿನಾಯಿಲ್ ಮತ್ತು ಕೀಟನಾಶಕಗಳನ್ನು ದೂರವಿಡುವುದು. ಗರ್ಭಿಣಿಯರಿಗೆ ಈ ಕೆಲಸ ಹಚ್ಚದಿರುವುದು. ತ್ಯಾಜ್ಯವನ್ನು ಸುತ್ತಿ ಪ್ರತ್ಯೇಕವಾಗಿ ನೀಡುವುದು ಅಥವಾ ಹೂಳುವುದು. ಈ ಐದು ಕ್ರಮಗಳಿಗೆ ದಿನಕ್ಕೆ ಹತ್ತು ನಿಮಿಷ ಸಾಕು. ಇವುಗಳನ್ನು ಪಾಲಿಸಿದ ಮನೆಯಲ್ಲಿ ಬೆಕ್ಕು, ಮನೆಯವರು ಮತ್ತು ನೆರೆಯವರು ಒಟ್ಟಿಗೆ ನೆಮ್ಮದಿಯಿಂದ ಇರಬಹುದು.

ಸೂಚನೆ: ಈ ಪುಟದಲ್ಲಿನ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಮನುಷ್ಯರ ಕಾಯಿಲೆಗೆ ವೈದ್ಯರನ್ನೂ, ಪ್ರಾಣಿಗಳ ಕಾಯಿಲೆಗೆ ಸಮೀಪದ ಪಶು ಆಸ್ಪತ್ರೆಯನ್ನೂ ಸಂಪರ್ಕಿಸಲು ಕೋರಲಾಗಿದೆ.